ಚುಕ್ಕೆ ಇಲ್ಲದ ಭಾಗಾಕಾರ

ಆ ಚಳಿಗಾಲದಲ್ಲಿ ನಮ್ಮ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಜಾಗ ಹುಡುಕುವ ಕಷ್ಟವಿರಲಿಲ್ಲ. ಹಿಂದೆಲ್ಲ ಎಂಟು ಗಂಟೆ ದಾಟಿ ಬಂದವರು ದೂರದ ಮೂಲೆಯಲ್ಲಿ ಕಾರು ನಿಲ್ಲಿಸಿ ಹಿಮ ತುಳಿದುಕೊಂಡು ಒಳಗೆ ಬರಬೇಕಿತ್ತು. ಈಗ ಎಷ್ಟು ತಡವಾಗಿ ಬಂದರೂ ಬಾಗಿಲ ಎದುರಿಗೇ ಜಾಗ. ಹಾಗೆ ಹತ್ತಿರ ಜಾಗ ಸಿಕ್ಕಾಗಲೆಲ್ಲ ಯಾರ ಕಾರು ಇಲ್ಲ ಎಂದು ಎಣಿಸುತ್ತಿದ್ದೆ. ಶುಕ್ರವಾರ ಬಂತೆಂದರೆ ಯಾರಾದರೊಬ್ಬರು ಕೆಲಸ ಕಳೆದುಕೊಂಡು, ತಮ್ಮ ಸಾಮಾನಿನ ರಟ್ಟಿನ ಡಬ್ಬ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದರು. ಸೋಮವಾರ ಉಳಿದವರು ಬಾಗಿಲಿಗೆ ಇನ್ನೊಂದಿಷ್ಟು ಹತ್ತಿರವಾಗುತ್ತಿದ್ದೆವು.

ಕಂಪನಿ ಇದ್ದದ್ದು ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಲಾರಿಗಳಿಗೆ ಬೇಕಾದ ಸೆನ್ಸರ್‌ಗಳನ್ನು ತಯಾರಿಸುತ್ತಿತ್ತು. ನಾನು ಪರೀಕ್ಷಾ ವಿಭಾಗದಲ್ಲಿದ್ದೆ. ಒಬ್ಬ ಮ್ಯಾನೇಜರ್, ಅವನ ಕೈಕೆಳಗೆ ನಾನು, ಶೀತಲ ಕೊಠಡಿ ನೋಡಿಕೊಳ್ಳುವ ಒಬ್ಬ ಹಿರಿಯ ಟೆಕ್ನಿಷಿಯನ್, ಮತ್ತೆ ಧಾರವಾಡದ ಹುಡುಗ. ಹುಡುಗ ಎಂದೆನಾದರೂ ಅವನಿಗೆ ಮೂವತ್ತು ದಾಟಿತ್ತು, ಹೆಂಡತಿ ಬಸುರಿ. ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದ. ಮೈಸೂರಿನವಳಾದ ನನಗೆ ಹಾಗೆ ಕರೆಸಿಕೊಂಡು ಅಭ್ಯಾಸವಿರಲಿಲ್ಲ, ಆದರೆ ಬೇಡ ಎನ್ನುವಂಥ ಹೆಸರೂ ಅದಲ್ಲ.

ನನ್ನ ಗಂಡನ ಕೆಲಸ ಎಲೆ ಉದುರುವ ಕಾಲದಲ್ಲೇ ಹೋಗಿತ್ತು. ಅವರ ವೀಸಾವೂ ಅದರ ಜೊತೆಗೇ ಹೋಗಿ, ಈಗ ನನ್ನ ವೀಸಾದ ಬಾಲ ಹಿಡಿದುಕೊಂಡು ಮನೆಯಲ್ಲಿದ್ದರು. ಆ ಬಾಲ ಹಿಡಿದವರು ದುಡಿಯುವ ಹಾಗಿರಲಿಲ್ಲ. ನನ್ನ ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಹೈಸ್ಕೂಲಿನಲ್ಲಿದ್ದ ಮಗಳಿಗೆ ಇನ್ಸುಲಿನ್ ಬೇಕಿತ್ತು. ಅದು ಬರುತ್ತಿದ್ದದ್ದು ನನ್ನ ಕೆಲಸದ ಇನ್ಶೂರೆನ್ಸಿನಿಂದ. ಧಾರವಾಡದವನ ಲೆಕ್ಕವೂ ಅದೇ. ಅವನ ಹೆಂಡತಿ ಆನ್ ಆರ್ಬರ್‌ನ ಆಸ್ಪತ್ರೆಗೆ ತೋರಿಸಿಕೊಳ್ಳುತ್ತಿದ್ದಳು. ಹೀಗೆ ನಾವಿಬ್ಬರೂ ಒಂದೇ ಹಗ್ಗ ಹಿಡಿದು ನೇತಾಡುತ್ತಿದ್ದೆವು. ಆ ಹಗ್ಗ ಎಂದರೆ ಶಿಕಾಗೊ ಕಡೆಯ ಒಂದು ಲಾರಿ ಕಂಪನಿ ನಮಗೆ ಕೊಟ್ಟಿದ್ದ ಆರ್ಡರ್.

ಫೆಬ್ರವರಿಯಲ್ಲಿ ಆ ಕಂಪನಿಯಿಂದ ಒಂದು ಇಮೇಲ್ ಬಂತು. ಶಿಕಾಗೊ ಹೊರವಲಯದ ಬೋಲಿಂಗ್‌ಬ್ರೂಕ್‌ನ ವೇರ್‌ಹೌಸುಗಳ ಅಂಗಳದಲ್ಲಿ ರಾತ್ರಿ ನಿಂತ ಹೊಸ ಲಾರಿಗಳು ಬೆಳಿಗ್ಗೆ ಕದಲುತ್ತಿಲ್ಲವಂತೆ. ಲಾರಿಯ ಬ್ರೇಕು ಕೆಲಸ ಮಾಡುವುದು ಗಾಳಿಯ ಒತ್ತಡದಿಂದ. ಟ್ಯಾಂಕಿನಲ್ಲಿ ಒತ್ತಡ ಸಾಲದು ಎಂದು ಸೆನ್ಸರ್ ಹೇಳಿದರೆ ಲಾರಿಯ ಕಂಪ್ಯೂಟರ್ ಹೊರಡಲು ಬಿಡುವುದಿಲ್ಲ. ಆ ಸೆನ್ಸರ್ ನಮ್ಮದು. ಗಾಳಿ ಬೇಕಾದಷ್ಟಿದೆ, ನಿಮ್ಮ ಸೆನ್ಸರ್ ಇಲ್ಲ ಎನ್ನುತ್ತಿದೆ ಎಂಬುದು ಅವರ ದೂರು.

ನಮ್ಮ ಬಳಿ ರಿಪೋರ್ಟ್ ಇತ್ತು. ಪ್ರತಿ ಹೊಸ ಬ್ಯಾಚಿನಿಂದ ಕೆಲವು ಸೆನ್ಸರ್ ತೆಗೆದು, ಶೀತಲ ಕೊಠಡಿಯಲ್ಲಿ ಇಟ್ಟು, ಆಮೇಲೆ ನಿಧಾನಕ್ಕೆ ಬೆಚ್ಚಗಾಗುವವರೆಗೆ ಅಳೆಯುತ್ತಿದ್ದೆವು. ಎರಡು ಸಾಲು ಸಂಖ್ಯೆಗಳು ದಾಖಲಾಗುತ್ತಿದ್ದವು: ನಮ್ಮ ಸೆನ್ಸರ್ ಹೇಳಿದ ಒತ್ತಡ ಒಂದು ಸಾಲು, ನಿಜವಾದ ಒತ್ತಡ ಇನ್ನೊಂದು ಸಾಲು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಸೆನ್ಸರ್ ನಿಜ ಹೇಳುತ್ತಿದ್ದರೆ ಉತ್ತರ ಒಂದರ ಆಸುಪಾಸು. 0.95ಕ್ಕಿಂತ ಕೆಳಗೆ ಎಲ್ಲಿಯೂ ಇಳಿಯಕೂಡದು ಎಂಬುದು ನಿಯಮ. ನಮ್ಮ ರಿಪೋರ್ಟುಗಳಲ್ಲಿ 0.97, 0.98 ಎಂದಿತ್ತು. ಎಲ್ಲವೂ ಪಾಸ್.

ಮ್ಯಾನೇಜರ್ ಆ ರಿಪೋರ್ಟನ್ನು ಎದೆಗವಚಿಕೊಂಡ. ಅವನ ತಪ್ಪೂ ಅಲ್ಲ. ಡೆಟ್ರಾಯಿಟಿನಲ್ಲೇ ಹುಟ್ಟಿ ಬೆಳೆದವನು, ಅಪ್ಪ ಕಾರ್ಖಾನೆಯಲ್ಲಿ ದುಡಿದವನು, ಈಗ ಬೀದಿಯಲ್ಲಿ ಮನೆಗೊಂದು ಮಾರಾಟದ ಬೋರ್ಡು ನೋಡುತ್ತಿದ್ದವನು. ದೋಷ ನಮ್ಮದಲ್ಲ ಎಂದು ತೋರಿಸಿ, ಬೇರೇನೂ ಬೇಡ ಎಂದ. ನಾವು ಹೊರಟೆವು. ಮೊದಲು ತಪ್ಪನ್ನು ಅವರ ವೈರಿಂಗ್ ಮೇಲೆ ಹಾಕಿದೆವು. ಅವರು ವೈರು ಬದಲಿಸಿದರು, ಲಾರಿ ಕದಲಲಿಲ್ಲ. ಕನೆಕ್ಟರಿನಲ್ಲಿ ತೇವ ಇರಬೇಕು ಎಂದೆವು. ಬಿಚ್ಚಿ ಒಣಗಿಸಿ ಫೋಟೊ ಕಳಿಸಿದರು. ಗಾಳಿಯ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿರಬೇಕು ಎಂದೆವು. ಅದಕ್ಕೆ ಅವರು ಉತ್ತರವನ್ನೇ ಬರೆಯಲಿಲ್ಲ. ಕೊನೆಗೆ ಬಂದದ್ದು ಎರಡು ಸಾಲಿನ ಇಮೇಲ್. ಬಂದು ನಮ್ಮ ಲಾರಿಯ ಪಕ್ಕ ನಿಂತು ನೋಡಿ, ಇಲ್ಲವಾದರೆ ಮುಂದಿನ ತಿಂಗಳಿಂದ ಬೇರೆಯವರ ಹತ್ತಿರ ಕೊಳ್ಳುತ್ತೇವೆ.

ಅದನ್ನು ಓದಿ ನಾನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಅಳಲಿಲ್ಲ. ಆಮೇಲೆ ಮನೆಗೆ ಫೋನ್ ಮಾಡಿದೆ.

"ನಾಳೆ ಬೋಲಿಂಗ್‌ಬ್ರೂಕ್‌ಗೆ ಡ್ರೈವ್ ಮಾಡ್ಬೇಕು" ಎಂದೆ.

"ಈ ಸ್ನೋನಲ್ಲಾ?" ಎಂದರು ಗಂಡ. "ಎಷ್ಟು ದಿನ?"

"ಎರಡು ದಿನ. ಅವಳ ಇನ್ಸುಲಿನ್ ನೋಡ್ಕೊಳಿ."

"ಅದೊಂದಾದ್ರೂ ಕೆಲ್ಸ ಇದೆಯಲ್ಲ ನಂಗೆ." ನಗುತ್ತಲೇ ಹೇಳಿದರು. ಆ ನಗು ಕೇಳಿ ನನಗೆ ಇನ್ನೂ ಕಷ್ಟವಾಯಿತು.

ಹೊರಟದ್ದು ನಾನು ಮತ್ತು ಧಾರವಾಡದವನು. ಮಿಶಿಗನ್ ಸರೋವರದ ತಿರುವಿನಲ್ಲಿ ಹಿಮ ಎಷ್ಟು ಸುರಿಯಿತೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣಲಿಲ್ಲ. ಅವನ ಹೆಂಡತಿ ಶೇಂಗಾ ಚಟ್ನಿಪುಡಿ ಹಚ್ಚಿದ ಬ್ರೆಡ್ ಕಟ್ಟಿಕೊಟ್ಟಿದ್ದಳು. ಅದನ್ನು ತಿನ್ನುತ್ತ ಅವನು ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸಿದ್ದನ್ನು ಹೇಳಿದ.

ಕಂಪನಿ ಹೋಟೆಲ್ ಖರ್ಚು ನಿಲ್ಲಿಸಿ ಬಹಳ ದಿನವಾಗಿತ್ತು. ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವುದನ್ನೇ ನಾವೂ ಮಾಡಿದೆವು, ಪರಿಚಯದ ಪರಿಚಯ ಹಿಡಿದು ಒಂದು ಕನ್ನಡದ ಮನೆ ಹುಡುಕಿದೆವು. ಬೋಲಿಂಗ್‌ಬ್ರೂಕ್‌ನ ಒಂದು ಸಬ್‌ಡಿವಿಷನ್ನಿನಲ್ಲಿದ್ದ ಅಂಕಲ್, ಆಂಟಿ ನಮ್ಮನ್ನು ಮೊದಲು ನೋಡಿದವರೇ ಅಲ್ಲ. ಬಿಸಿ ಸಾರು ಬಡಿಸಿದರು. ನನಗೆ ಕಾಲೇಜಿಗೆ ಹೋದ ಮಗಳ ರೂಮು ಕೊಟ್ಟರು, ಅವನಿಗೆ ಬೇಸ್‌ಮೆಂಟಿನ ಸೋಫಾ.

ಬೆಳಿಗ್ಗೆ ಕಾಫಿಗೆ ಬಂದ ಅವನ ಮೂಗು ಕೆಂಪಗಿತ್ತು.

"ನಿದ್ದೆ ಬಂತೇನಪ್ಪಾ?" ಎಂದರು ಆಂಟಿ.

"ಬಂತ್ರೀ ಆಂಟಿ. ಸ್ವಲ್ಪ ಥಂಡಿ ಇತ್ರೀ."

"ಥಂಡೀನಾ? ಬೆಚ್ಚಗಿರ್ಲಿ ಅಂತ ಥರ್ಮೋಸ್ಟ್ಯಾಟ್ ಅರವತ್ತೆಂಟಕ್ಕೆ ಇಟ್ಟಿದೀವಲ್ಲ."

ಅಂಕಲ್ ಪೇಪರಿನಿಂದ ತಲೆ ಎತ್ತಿದರು. "ಅದು ಮೇಲಿನ ಹಾಲ್‌ನಲ್ಲಿ ಇರೋದು ಕಣೇ. ಅದ್ರ ಪ್ರಕಾರ ಇಡೀ ಮನೆ ಅರವತ್ತೆಂಟೇ. ಕೆಳಗೆ ಮಲಗಿದೋನ್ನ ಯಾರು ಕೇಳ್ತಾರೆ?"

ಎಲ್ಲರೂ ನಕ್ಕೆವು. ಆಂಟಿ ಅವನಿಗೆ ಅಂಕಲ್‌ನ ಉಣ್ಣೆಯ ಟೋಪಿ ತಂದು ಹಾಕಿಸಿದರು.

ಅಂಗಳಕ್ಕೆ ಹೋದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ. ಕಣ್ಣಿನ ರೆಪ್ಪೆ ಅಂಟಿಕೊಳ್ಳುವಂಥ ಚಳಿ. ಲಾರಿಗಳು ಸಾಲಾಗಿ ನಿಂತಿದ್ದವು, ಚಾಲಕರು ಒಳಗೆ ಬೆಚ್ಚಗೆ ಕೂತು ನಮ್ಮನ್ನೇ ನೋಡುತ್ತಿದ್ದರು. ಲಾರಿ ಕಂಪನಿಯ ಎಂಜಿನಿಯರ್ ಒಬ್ಬ ಎತ್ತರದ ಹೆಂಗಸು, ಐವತ್ತು ದಾಟಿದವಳು. ಕೈ ಕುಲುಕಿ ಒಂದು ಲಾರಿಯತ್ತ ನಡೆದಳು. ನಮ್ಮ ಹುಡುಗ ಟ್ಯಾಂಕಿಗೆ ನಮ್ಮದೇ ಒತ್ತಡದ ಗೇಜು ಸಿಕ್ಕಿಸಿ, ಅದನ್ನೂ ಲಾರಿಯ ಸೆನ್ಸರನ್ನೂ ರೆಕಾರ್ಡರಿಗೆ ಜೋಡಿಸಿದ. ಕೈಗವಸು ತೆಗೆದು ಜೋಡಿಸಬೇಕಾಗಿ ಬಂದು ಅವನ ಬೆರಳು ಬಿಳಿಚಿಕೊಂಡವು. ಚಾಲಕ ಎಂಜಿನ್ ಹಾಕಿದ.

ಗೇಜಿನ ಮುಳ್ಳು ಏರುತ್ತ ನೂರಕ್ಕೆ ಬಂತು. ನಮ್ಮ ಸೆನ್ಸರ್ ಹೇಳಿದ್ದನ್ನು ತೋರಿಸುವ ಡ್ಯಾಶ್‌ಬೋರ್ಡಿನಲ್ಲಿ ಎಪ್ಪತ್ತು. ಬಝರ್ ಬಡಿದುಕೊಳ್ಳುತ್ತಿತ್ತು. ನಾನು ಗೇಜನ್ನು ಬೆರಳಿನಿಂದ ತಟ್ಟಿದೆ, ಯಾರದೋ ತಲೆಗೆ ತಟ್ಟುವ ಹಾಗೆ. ಅದು ನೂರರಲ್ಲೇ ನಿಂತಿತ್ತು. ಎಂಜಿನಿಯರಮ್ಮ ನನ್ನ ಮುಖ ನೋಡಿದಳು. ವೈರು, ತೇವ, ಮಂಜುಗಡ್ಡೆ ಎಂದು ನಾವು ಬರೆದದ್ದೆಲ್ಲ ಆ ನೋಟದಲ್ಲಿತ್ತು. ಎಂಜಿನ್ ಬಿಸಿಯಾಗುತ್ತ ಬಂದ ಹಾಗೆ ಎಪ್ಪತ್ತು ಎಂಬತ್ತಾಯಿತು, ತೊಂಬತ್ತಾಯಿತು, ಆಮೇಲೆ ಗೇಜಿಗೆ ಸರಿಯಾಗಿ ಬಂದು ನಿಂತಿತು. ಮತ್ತೂ ಬಹಳ ಹೊತ್ತು ದಾಖಲಿಸಿಕೊಂಡೆವು. ಅಷ್ಟೂ ಹೊತ್ತು ಎಲ್ಲ ಸರಿಯಾಗಿತ್ತು.

ವೇರ್‌ಹೌಸಿನ ಮೂಲೆಯ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದೆವು. ಎಂಜಿನಿಯರಮ್ಮ ಕಾಫಿ ತರಲು ಹೋದಳು. ನಾನು ದಾಖಲೆಯನ್ನು ನಮ್ಮ ಪರೀಕ್ಷೆಯ ಪ್ರೋಗ್ರಾಮಿಗೆ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. 0.97. ಪಾಸ್.

ಇನ್ನೊಮ್ಮೆ ಓಡಿಸಿದೆ. 0.97. ಪಾಸ್.

ಆ ಹೊತ್ತಿನಲ್ಲಿ ನನಗಾದ ಭಯವನ್ನು ಇವತ್ತಿಗೂ ಮರೆತಿಲ್ಲ. ಕಣ್ಣಾರೆ ಕಂಡದ್ದು ನೂರಕ್ಕೆ ಎಪ್ಪತ್ತು. ಎಲ್ಲಿಯಾದರೂ ಒಂದು ಕಡೆ 0.70 ಬರಲೇಬೇಕು.

"ಗ್ರಾಫ್ ಹಾಕು" ಎಂದೆ.

"ಗ್ರಾಫ್ ತೆಗದೀವಲ್ರೀ ಅಕ್ಕಾರ. ಖಾಲಿ ಬರತಿತ್ತಲ್ಲ."

ಅದು ನನಗೂ ನೆನಪಿತ್ತು. ಖರ್ಚು ಕಡಿತದಲ್ಲಿ ಬಣ್ಣದ ಪ್ರಿಂಟರ್ ಹೊತ್ತುಕೊಂಡು ಹೋದ ದಿನಗಳಲ್ಲೇ ರಿಪೋರ್ಟಿನ ಗ್ರಾಫ್ ಖಾಲಿ ಚೌಕವಾಗಿ ಬರತೊಡಗಿತ್ತು. ಹೊಸ ಪ್ರಿಂಟರ್ ಸರಿಯಿಲ್ಲ, ಗೆರೆ ಮಂಕಾಗಿ ಬೀಳುತ್ತಿದೆ ಎಂದುಕೊಂಡು ಎಲ್ಲರೂ ಒಪ್ಪಿ ಆ ಪುಟವನ್ನೇ ತೆಗೆದು ಹಾಕಿದ್ದೆವು. ಈಗ ಪರದೆಯ ಮೇಲೆ ಹಾಕಿ ನೋಡಿದರೆ ಅಲ್ಲೂ ಖಾಲಿ. ಪ್ರಿಂಟರಿನ ದೋಷ ಪರದೆಗೆ ಹೇಗೆ ಬಂತು?

ಪ್ರೋಗ್ರಾಮನ್ನು ಪಕ್ಕಕ್ಕಿಟ್ಟು, ಭಾಗಾಕಾರವನ್ನು ನಾನೇ ಕೈಯಾರೆ ಟೈಪ್ ಮಾಡಿದೆ. ಸೆನ್ಸರಿನ ಸಾಲು, ಭಾಗಾಕಾರದ ಓರೆಗೆರೆ, ಗೇಜಿನ ಸಾಲು. ಸಾವಿರಾರು ಸಂಖ್ಯೆಗಳನ್ನು ಸಾವಿರಾರು ಸಂಖ್ಯೆಗಳಿಂದ ಭಾಗಿಸಿದರೆ ಸಾವಿರಾರು ಉತ್ತರ ಬಂದು ಪರದೆ ತುಂಬಿ ಹರಿಯಬೇಕು. ಬಂದದ್ದು ಒಂದೇ ಒಂದು. 0.97.

ನಾವು ಬಳಸುತ್ತಿದ್ದ ಆ ಗಣಿತದ ಸಾಫ್ಟ್‌ವೇರಿನಲ್ಲಿ ಭಾಗಾಕಾರ ಎರಡು ಬಗೆ. ಬರೀ ಓರೆಗೆರೆ ಹಾಕಿದರೆ ಅದು ಮ್ಯಾಟ್ರಿಕ್ಸ್ ಭಾಗಾಕಾರ. ಎರಡು ಸಾಲುಗಳ ನಡುವೆ ಅದನ್ನು ಹಾಕಿದರೆ ಅದು ಹುಡುಕುವುದೇ ಬೇರೆ: ಎರಡನೆಯ ಸಾಲನ್ನೆಲ್ಲ ಒಂದೇ ಸಂಖ್ಯೆಯಿಂದ ಗುಣಿಸಿ ಮೊದಲನೆಯ ಸಾಲಿಗೆ ಆದಷ್ಟು ಹತ್ತಿರ ತರಬೇಕಾದರೆ ಆ ಒಂದು ಸಂಖ್ಯೆ ಯಾವುದು? ಸಾಲಿಗೆಲ್ಲ ಸೇರಿ ಒಂದು ಉತ್ತರ. ಒಂದೇ ಸಂಖ್ಯೆಯಿಂದ ಗೆರೆ ಮೂಡುವುದಿಲ್ಲ, ಗ್ರಾಫ್ ಖಾಲಿ ಬಂದದ್ದೂ ಅದಕ್ಕೇ. ಓರೆಗೆರೆಯ ಹಿಂದೆ ಒಂದು ಚುಕ್ಕೆ ಇಟ್ಟರೆ ಮಾತ್ರ ಒಂದೊಂದು ಸಂಖ್ಯೆಯನ್ನೂ ಅದರದರ ಜೋಡಿಯಿಂದ ಬಿಡಿಬಿಡಿಯಾಗಿ ಭಾಗಿಸುತ್ತದೆ. ಚುಕ್ಕೆ ಮರೆತರೆ ಸಾಫ್ಟ್‌ವೇರ್ ಬೈಯುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. ನೀವು ಕೇಳಿದ್ದೇ ಇದು ಎಂಬಂತೆ ಬೇರೆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುತ್ತದೆ.

ಚುಕ್ಕೆ ಇಟ್ಟೆ. ಪರದೆ ಹರಿಯಿತು. ಮೇಲಕ್ಕೆ ಹೋಗಿ ಮೊದಲ ಸಂಖ್ಯೆಗಳನ್ನು ನೋಡಿದೆ. 0.70. 0.70. 0.71. ಚಳಿಯ ಹೊತ್ತಿನ ಆ ಸಂಖ್ಯೆಗಳು, ಆಮೇಲಿನ ಬೆಚ್ಚನೆಯ ಸಂಖ್ಯೆಗಳ ಗುಂಪಿನಲ್ಲಿ ಇಷ್ಟು ದಿನ ಮುಳುಗಿಹೋಗಿದ್ದವು.

ಧಾರವಾಡದವನು ನನ್ನ ಹೆಗಲ ಮೇಲಿಂದ ನೋಡುತ್ತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಕ್ಕಾರ, ಇದು ನಾ ಬರದಿದ್ದು" ಎಂದ.

ಹೇಗಾಯಿತೆಂದು ಇಬ್ಬರಿಗೂ ಆ ಕ್ಷಣಕ್ಕೇ ಹೊಳೆದಿತ್ತು. ಹಳೆಯ ಪ್ರೋಗ್ರಾಮಿನಲ್ಲಿ ಒಂದು ಲೂಪ್ ಇತ್ತು. ಅದು ಒಂದೊಂದೇ ಸಂಖ್ಯೆ ಎತ್ತಿಕೊಂಡು ಒಂದೊಂದನ್ನೇ ಭಾಗಿಸುತ್ತಿತ್ತು. ಒಂದು ಸಂಖ್ಯೆಯನ್ನು ಇನ್ನೊಂದು ಸಂಖ್ಯೆಯಿಂದ ಭಾಗಿಸುವಾಗ ಚುಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಲೂಪ್ ತುಂಬ ನಿಧಾನ. ಕಂಪನಿ ಸಾಫ್ಟ್‌ವೇರಿನ ಲೈಸೆನ್ಸುಗಳನ್ನು ಕಡಿಮೆ ಮಾಡಿ ಇಡೀ ಮಹಡಿಗೆ ಒಂದೇ ಒಂದು ಉಳಿಸಿತ್ತು. ನಮ್ಮ ಪ್ರೋಗ್ರಾಮ್ ಓಡುತ್ತಿದ್ದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕು. ಬೇಗ ಮುಗಿಯುವ ಹಾಗೆ ಮಾಡು ಎಂದು ಮ್ಯಾನೇಜರ್ ಇವನಿಗೆ ಹೇಳಿದ. ನಮ್ಮ ವೃತ್ತಿಯಲ್ಲಿ ಲೂಪ್ ಬರೆಯುವವರೆಂದರೆ ಹೇಗೂ ಒಂದು ತಾತ್ಸಾರ. ಇಡೀ ಸಾಲನ್ನು ಒಂದೇ ಏಟಿಗೆ ಭಾಗಿಸುವವನೇ ಜಾಣ. ಇವನು ಲೂಪ್ ಕಿತ್ತು ಹಾಕಿದ. ಓರೆಗೆರೆ ಇದ್ದ ಹಾಗೇ ಉಳಿಯಿತು. ಹಳೆಯದನ್ನೂ ಹೊಸದನ್ನೂ ಬೆಚ್ಚನೆಯ ಕೋಣೆಯ ಒಂದು ದಾಖಲೆಯ ಮೇಲೆ ಓಡಿಸಿ ಹೋಲಿಸಿದ. ಅದರಲ್ಲಿ ಮೊದಲಿಂದ ಕೊನೆಯವರೆಗೂ 0.99. ಹಾಗಾಗಿ ಎರಡೂ ಕಡೆ ಅದೇ ಬಂತು. ನಾವೆಲ್ಲ ತಲೆದೂಗಿದೆವು. ಮ್ಯಾನೇಜರ್ ಪಿಜ್ಜಾ ತರಿಸಿದ.

ಅದೇ ದಿನಗಳಲ್ಲಿ ಇನ್ನೊಂದು ನಡೆದಿತ್ತು. ಸೆನ್ಸರಿನೊಳಗೆ ತುಂಬುವ ಒಂದು ಹನಿ ಎಣ್ಣೆಯನ್ನು ಕೊಡುತ್ತಿದ್ದ ಕಾರ್ಖಾನೆ ಮುಚ್ಚಿ, ಬೇರೆಯವರ ಎಣ್ಣೆ ಬಂದಿತ್ತು. ಅದು ಚಳಿಗೆ ಹೆಪ್ಪಾಗುತ್ತಿತ್ತೋ ಏನೋ. ಶೀತಲ ಕೊಠಡಿ ಪ್ರತಿ ಸಲವೂ ಅದನ್ನು ಹಿಡಿದುಕೊಟ್ಟಿತ್ತು, ನಮ್ಮ ಭಾಗಾಕಾರ ಪ್ರತಿ ಸಲವೂ ಅದನ್ನು ನುಂಗಿ ಹಾಕಿತ್ತು.

ಮ್ಯಾನೇಜರ್‌ಗೆ ಫೋನ್ ಮಾಡಿದೆ. ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, ಅವರಿಗೆ ಏನನ್ನೂ ತೋರಿಸಬೇಡ, ದಾಖಲೆ ತೆಗೆದುಕೊಂಡು ವಾಪಸ್ ಬಾ, ಇಲ್ಲಿ ಕೂತು ಯೋಚಿಸೋಣ ಎಂದ.

ಫೋನ್ ಇಟ್ಟ ಮೇಲೆ ಹುಡುಗ ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ. "ಈಗ ಹೇಳಬ್ಯಾಡ್ರೀ ಅಕ್ಕಾರ. ಆಫೀಸಿಗೆ ವಾಪಸ್ ಹೋಗೂಣು. ಎಣ್ಣೀದು ಏನರ ದಾರಿ ಸಿಕ್ಕ ಮ್ಯಾಲೆ ಎರಡೂ ಕೂಡೇ ಹೇಳೂಣು."

"ಅಷ್ಟ್ರಲ್ಲಿ ಆರ್ಡರ್ ಹೋಗಿರತ್ತೆ."

"ಹೇಳಿದ್ರೂ ಹೋಗ್ತದ. ಹೇಳಿದ್ರ ನಾನೂ ಹೋಗ್ತೀನ್ರೀ. ಆಕಿಗೆ ಈಗ ಆರು ತಿಂಗಳು."

ನಾನೇನು ಸತ್ಯವಂತೆಯ ಅವತಾರವಲ್ಲ. ಮುಚ್ಚಿಟ್ಟು ಉಳಿಯುವ ಹಾಗಿದ್ದರೆ ಬಹುಶಃ ಮುಚ್ಚಿಡುತ್ತಿದ್ದೆ. ಫ್ರಿಜ್ಜಿನಲ್ಲಿದ್ದ ಮಗಳ ಇನ್ಸುಲಿನ್ ಬಾಟಲಿಗಳು ಕಣ್ಣ ಮುಂದೆ ಇದ್ದವು. ಆದರೆ ಆ ಹೆಂಗಸು ನನ್ನ ಪಕ್ಕದಲ್ಲೇ ನಿಂತು ಎಪ್ಪತ್ತನ್ನು ನೋಡಿದ್ದಳು. ಈಗ ಹೋಗಿ ಅವಳಿಗೆ 0.97 ಎಂದರೆ ನಮ್ಮ ಸೆನ್ಸರಿನ ಒಂದು ಮಾತನ್ನೂ ಅವಳು ಇನ್ನು ನಂಬುವುದಿಲ್ಲ. ಯಾವ ಉತ್ತರವೂ ಇಲ್ಲದೆ ಹೊರಟರೂ ಅಷ್ಟೇ. ಮತ್ತೆ ಆ ಲಾರಿಗಳು. ಇವತ್ತು ಸೆನ್ಸರ್ ಗಾಳಿ ಇಲ್ಲ ಎಂದು ಸುಳ್ಳು ಹೇಳಿ ನಿಲ್ಲಿಸುತ್ತಿದೆ. ಚಾಲಕರು ಬಝರ್ ಕೇಳಿ ಕೇಳಿ ಬೇಸತ್ತು, ನಿಜವಾಗಿ ಗಾಳಿ ಇಲ್ಲದ ದಿನವೂ ಅದನ್ನು ನಂಬದೆ ಹೋದರೆ?

ಎಂಜಿನಿಯರಮ್ಮ ಮೂರು ಕಾಫಿ ಹಿಡಿದು ಬಂದಳು. ನಿಮ್ಮ ಪ್ರೋಗ್ರಾಮ್ ಏನು ಹೇಳಿತು ಎಂದು ಕೇಳಿದಳು.

ನಾನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಮೊದಲು ಚುಕ್ಕೆ ಇಲ್ಲದ್ದನ್ನು ಓಡಿಸಿದೆ, ಆಮೇಲೆ ಚುಕ್ಕೆ ಇಟ್ಟು ಓಡಿಸಿದೆ. ಕಳೆದ ಬೇಸಿಗೆಯಲ್ಲಿ ನಾವು ಲೂಪ್ ತೆಗೆದೆವು, ತೆಗೆದಾಗ ಇದನ್ನು ನೋಡಲಿಲ್ಲ ಎಂದೆ. ನಾವು ಎಂದೇ ಹೇಳಿದೆ. ಹುಡುಗ ಕಿಟಕಿಯತ್ತ ತಿರುಗಿ ನಿಂತಿದ್ದ.

ಅವಳು ಓದಿದಳು. ಕುರ್ಚಿ ಎಳೆದು ಕೂತು ಇನ್ನೊಮ್ಮೆ ಓದಿದಳು. ಬೈದಿದ್ದರೆ ವಾಸಿಯಿತ್ತು. ಹಾಗಾದರೆ ಕಳೆದ ಬೇಸಿಗೆಯಿಂದ ಬಂದ ಯಾವ ರಿಪೋರ್ಟಿಗೂ ಅರ್ಥವಿಲ್ಲ ಎಂದಳು. ಇಲ್ಲ ಎಂದೆ. ಎಲ್ಲವನ್ನೂ ಮತ್ತೆ ಭಾಗಿಸಿ ಕಳಿಸಿ, ಕೆಟ್ಟದ್ದನ್ನು ಮೊದಲು ಕಳಿಸಿ ಎಂದು ಹೇಳಿ ಎದ್ದು ಹೋದಳು. ಕಾಫಿ ಅಲ್ಲೇ ಉಳಿಯಿತು.

ಹಿಂತಿರುಗುವ ದಾರಿಯಲ್ಲಿ ಇಂಡಿಯಾನಾ ದಾಟುವವರೆಗೆ ಅವನು ಪಕ್ಕದ ಗಾಜಿನಾಚೆಯ ಹಿಮವನ್ನೇ ನೋಡುತ್ತಿದ್ದ. ನಾನು ಕ್ಷಮಿಸು ಎನ್ನಲೂ ಇಲ್ಲ, ನನಗೆ ಬೇರೆ ದಾರಿಯಿರಲಿಲ್ಲ ಎಂದು ವಿವರಿಸಲೂ ಇಲ್ಲ. ಒಂದು ಎಕ್ಸಿಟ್‌ನಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಅವನು ಇಳಿದು ನನ್ನ ಕಡೆಯ ಗಾಜಿನ ಹಿಮ ಕೆರೆದು ತೆಗೆದ. ಒಳಗೆ ಬಂದು ಕೂತು, "ಅಂಕಲ್ ಟೋಪಿ ಹಂಗ ತಲಿ ಮ್ಯಾಲೆ ಬಂದುಬಿಟ್ಟದ್ರೀ" ಎಂದ.

ಮ್ಯಾನೇಜರ್ ನನ್ನ ಮೇಲೆ ಕೂಗಾಡಿದ. ಕೂಗಾಡಿ ಮುಗಿಸಿ ತಲೆ ಹಿಡಿದುಕೊಂಡು ಕೂತ. ಆಮೇಲೆ ನಾವು ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಭಾಗಿಸತೊಡಗಿದೆವು. ಅಸಲಿ ಪ್ರೋಗ್ರಾಮನ್ನು ಮುಟ್ಟುವಂತಿರಲಿಲ್ಲ. ಅದು ಗಿರಾಕಿ ಒಪ್ಪಿದ ಪರೀಕ್ಷೆಯ ಭಾಗ. ಅವರು ಒಪ್ಪಿ ಬರೆದುಕೊಡುವವರೆಗೆ ಅದಕ್ಕೊಂದು ಚುಕ್ಕೆ ಸೇರಿಸಬೇಕಾದರೂ ಅಧಿಕಾರವಿಲ್ಲ. ಹಾಗಾಗಿ ಪಕ್ಕದಲ್ಲಿ ಒಂದು ನಕಲಿಟ್ಟುಕೊಂಡು ಓಡಿಸಿದೆವು. ಧಾರವಾಡದವನು ಯಾರೂ ಹೇಳದೆ ಮತ್ತೆ ಲೂಪ್ ಬರೆದು, ಅದರ ಉತ್ತರ, ಚುಕ್ಕೆಯ ಉತ್ತರ ಎರಡನ್ನೂ ತಾಳೆ ನೋಡಿಯೇ ಮುಂದಕ್ಕೆ ಹೋಗುತ್ತಿದ್ದ. ಹೊಸ ಎಣ್ಣೆಯ ಸೆನ್ಸರುಗಳೆಲ್ಲ ಚಳಿಯಲ್ಲಿ ಫೇಲಾಗಿದ್ದವು, ಹಳೆಯ ಎಣ್ಣೆಯವು ಒಂದೂ ಫೇಲಾಗಿರಲಿಲ್ಲ. ಕೆಟ್ಟದ್ದನ್ನು ಮೊದಲು ಕಳಿಸಿದೆವು.

ಆ ವಾರಗಳಲ್ಲಿ ನಾನು ಊಟ ಮಾಡಿದ್ದೂ ಗೊತ್ತಾಗುತ್ತಿರಲಿಲ್ಲ. ಮಗಳ ಹತ್ತಿರ ಒಂದು ಸಂಜೆ, "ನಾವು ವಾಪಸ್ ಹೋಗ್ಬೇಕಾಗಬಹುದು ಪುಟ್ಟಾ" ಎಂದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಐ ನೋ, ಅಮ್ಮಾ" ಎಂದಳು. ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ.

ಮಾರ್ಚಿನ ಒಂದು ಶುಕ್ರವಾರ ಬೆಳಿಗ್ಗೆ ಶಿಕಾಗೊದ ಉತ್ತರ ಬಂತು. ಹಳೆಯ ಬಗೆಯ ಎಣ್ಣೆಯನ್ನು ಬೇರೆ ಕಡೆಯಿಂದ ತರಿಸಿ ತುಂಬಿ ನಾವು ಕಳಿಸಿದ್ದ ಸೆನ್ಸರುಗಳನ್ನು ಅವರು ಚಳಿಯಲ್ಲಿಟ್ಟು ನೋಡಿದ್ದರು, ಎಲ್ಲ ಸರಿಯಿದ್ದವು. ಆರ್ಡರ್ ಮುಂದುವರಿಯುತ್ತದೆ. ಪರೀಕ್ಷೆಯ ಪ್ರೋಗ್ರಾಮಿನ ಬದಲಾವಣೆಗೂ ಒಪ್ಪಿಗೆ. ನಾನು ಆ ಇಮೇಲನ್ನು ನಿಂತುಕೊಂಡೇ ಓದಿದೆ. ಓದಿ ಹುಡುಗನ ಟೇಬಲ್ ಕಡೆ ಹೊರಟೆ.

ಅವನ ಟೇಬಲ್ ಪಕ್ಕದಲ್ಲಿ ಎಚ್.ಆರ್.ನ ಹೆಂಗಸು ಆಗಲೇ ನಿಂತಿದ್ದಳು. ರಟ್ಟಿನ ಡಬ್ಬ ಅವನ ಕುರ್ಚಿಯ ಮೇಲಿತ್ತು.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ಪ್ರತಿ ವಿಭಾಗದಿಂದಲೂ ಒಬ್ಬರು, ಮೇಲಿನಿಂದ ಬಂದ ಆಜ್ಞೆ, ಯಾವ ವಿಭಾಗಕ್ಕೂ ವಿನಾಯಿತಿಯಿಲ್ಲ, ಯಾರು ಹೇಗೆ ಕೆಲಸ ಮಾಡಿದ್ದರು ಎಂದು ಯಾರೂ ಕೇಳಲಿಲ್ಲ. ಕೊನೆಗೆ ಸೇರಿದವನು ಅವನು, ಅದಕ್ಕೇ. ಲೂಪಿನ ವಿಷಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎರಡು ಸಲ ಹೇಳಿದ. ಎರಡನೆಯ ಸಲ ಯಾಕೆ ಹೇಳಿದ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಬೋಲಿಂಗ್‌ಬ್ರೂಕ್‌ನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ಹೋಗುತ್ತಿದ್ದೆವು. ಬಾಯಿ ಬಿಟ್ಟದ್ದಕ್ಕೆ ಮೂವರು ಉಳಿದೆವು. ಇದು ಸರಿಯಾದ ಲೆಕ್ಕವೇ ಇರಬಹುದು. ಅವನ ಎದುರಿಗೆ ನಿಂತು ಅದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಅವನು ಡಬ್ಬಕ್ಕೆ ಹೆಂಡತಿಯ ಫೋಟೊ ಹಾಕಿದ, ನೀರಿನ ಬಾಟಲಿ ಹಾಕಿದ, ಅಂಕಲ್‌ನ ಟೋಪಿ ಹಾಕಿದ.

"ಶಿಕಾಗೊದಿಂದ ಬಂತೇನ್ರೀ?" ಎಂದ.

"ಬಂತು. ಒಪ್ಪಿದಾರೆ. ಆರ್ಡರ್ ಉಳೀತು."

"ಛಲೋ ಆತು." ನಿಜವಾಗಿಯೇ ಹಗುರಾದವನಂತೆ ಹೇಳಿದ. "ಪ್ರೋಗ್ರಾಮ್ ಚೇಂಜ್‌ಗೂ ಒಪ್ಪ್ಯಾರೇನ್ರೀ?"

"ಹೂಂ."

ಅವನು ತನ್ನ ಕಂಪ್ಯೂಟರ್ ಕಡೆ ನೋಡಿದ. ಅದು ಬೆಳಿಗ್ಗೆಯೇ ಲಾಕ್ ಆಗಿತ್ತು. ಮತ್ತೆ ನನ್ನ ಕಡೆ ನೋಡಿದ. ಅವನಿಗೆ ಏನು ಬೇಕೆಂದು ನನಗೆ ಗೊತ್ತಾಯಿತು. ನಾನು ಎಚ್.ಆರ್.ನವಳಿಗೆ ಎರಡು ನಿಮಿಷ ಕೊಡಿ ಎಂದೆ. ನಿಯಮದಲ್ಲಿ ಇಲ್ಲ ಎಂದಳು. ನಾನು ಪಕ್ಕದಲ್ಲೇ ಇರುತ್ತೇನೆ, ನೀವೂ ನಿಂತು ನೋಡಿ ಎಂದೆ. ನನ್ನ ಮುಖದಲ್ಲಿ ಏನು ಕಂಡಳೋ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ನನ್ನ ಕಂಪ್ಯೂಟರಿನಲ್ಲಿ ಅಸಲಿ ಪ್ರೋಗ್ರಾಮ್ ತೆರೆದು ಕುರ್ಚಿ ಬಿಟ್ಟುಕೊಟ್ಟೆ. ಅವನು ಕೂತ. ಆ ಸಾಲು ಹುಡುಕಬೇಕಾಗಲಿಲ್ಲ, ನೇರ ಅಲ್ಲಿಗೇ ಹೋದ. ಓರೆಗೆರೆಯ ಹಿಂದೆ ಒಂದು ಚುಕ್ಕೆ ಇಟ್ಟು ಸೇವ್ ಮಾಡಿದ. ಕೈಬಿಟ್ಟಿದ್ದ ಗ್ರಾಫಿನ ಸಾಲನ್ನೂ ವಾಪಸ್ ಹಾಕಿದ. ಬೋಲಿಂಗ್‌ಬ್ರೂಕ್‌ನ ಆ ಬೆಳಗಿನ ದಾಖಲೆ ಕೊಟ್ಟು ಓಡಿಸಿದ. ಫೇಲ್ ಎಂದು ಬಂತು. ಅದರ ಕೆಳಗೆ, ಎಷ್ಟೋ ತಿಂಗಳು ಖಾಲಿಯಿದ್ದ ಚೌಕದಲ್ಲಿ ಗೆರೆ ಮೂಡಿತು. ಎಡತುದಿಯಲ್ಲಿ ಆಳದಲ್ಲಿದ್ದು, ಮೆಲ್ಲಗೆ ಏರಿ, ಆಮೇಲೆ ಕೊನೆಯವರೆಗೂ ಮಟ್ಟಸ.

"ಈಗ ಕಾಣ್ತದ ನೋಡ್ರೀ ಅಕ್ಕಾರ" ಎಂದ.

ನನಗೆ ಅಳು ಬಂತು. ಅವನ ಎದುರಿಗೇ ಅತ್ತೆ. ಎಚ್.ಆರ್.ನವಳು ಏನು ಮಾಡುವುದೆಂದು ತೋಚದೆ ಪರದೆ ನೋಡುತ್ತ, ಎಡಗಡೆ ಯಾಕೆ ಅಷ್ಟು ಕೆಳಗಿದೆ ಎಂದು ಕೇಳಿದಳು.

ಅಲ್ಲಿ ತುಂಬ ಚಳಿಯಿತ್ತು ಎಂದು ಅವನು ಇಂಗ್ಲಿಷಿನಲ್ಲಿ ಹೇಳಿ ಎದ್ದ. ಡಬ್ಬ ಎತ್ತಿಕೊಂಡ. ನಾನು ಬಾಗಿಲು ಹಿಡಿದು ನಿಂತೆ. ಅವನ ಕಾರು ಬಾಗಿಲ ಎದುರಿಗೇ ಇತ್ತು, ದೂರ ಹೊರುವ ಕಷ್ಟವಿರಲಿಲ್ಲ.